ದೃಷ್ಟಿಬೊಂಬೆ ಬರೆಯೋದಿಲ್ಲ ಎಂದವನು

ನಾನು ಕಲಾವಿದ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಈ ಊರಿನ ದೌರ್ಭಾಗ್ಯವೇ ಹೊರತು ನನ್ನದಲ್ಲ.

ವಾರಕ್ಕೆ ಐದು ದಿನ ಬಾಗಲೂರು ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಲ್ಲಿನ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ ಬರೆಯುತ್ತಾರೆ. ಗುಡ್ಡವನ್ನೂ ಕಾಣದ, ಗುಡಿಸಲನ್ನೂ ಕಾಣದ, ಹದಿನಾಲ್ಕನೇ ಮಹಡಿಯಲ್ಲಿ ವಾಸಿಸುವ ಮಕ್ಕಳು! “ಕಣ್ಣಿಗೆ ಕಂಡದ್ದನ್ನು ಬರೀರಪ್ಪ, ಕಂಡದ್ದನ್ನು” ಎಂದು ನಾನು ಗಂಟಲು ಹರಿದುಕೊಳ್ಳುತ್ತೇನೆ. ಅವರು ಇನ್ನೊಂದು ತೆಂಗಿನಮರ ಬರೆಯುತ್ತಾರೆ.

ಶನಿವಾರ, ಭಾನುವಾರ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ, ತಗಡಿನ ಶೀಟಿನ ಕೆಳಗೆ ನನ್ನ ಸ್ವಂತ ತರಗತಿ. ಮನೆಯ ಒಡತಿ ಸಂಡಿಗೆ ಒಣಹಾಕುವುದೂ ಅಲ್ಲೇ. ಹನ್ನೆರಡು ವರ್ಷಗಳಲ್ಲಿ ನನ್ನ ಶಿಷ್ಯರಲ್ಲಿ ಒಬ್ಬನೂ ಚಿತ್ರಗಾರನಾಗಲಿಲ್ಲ. ಕಾಗೆ ಓಡಿಸುವುದರಲ್ಲಿ ಮಾತ್ರ ಎಲ್ಲರೂ ಪಳಗಿದರು. ನನಗೊಂದು ಹಾಲ್ ಬೇಕಿತ್ತು. ನಾಲ್ಕು ಗೋಡೆ, ಒಂದು ಸೂರು, ಸಂಡಿಗೆ ಇಲ್ಲದ ನೆಲ. ನನ್ನ ಪ್ರತಿಭೆಗೂ ಕೀರ್ತಿಗೂ ನಡುವೆ ಅಡ್ಡ ನಿಂತಿರುವುದು ಅದೊಂದೇ ಎಂದು ನಾನು ಮನಸಾರೆ ನಂಬಿದ್ದೆ.

ಹೀಗಿರುವಾಗ ಒಂದು ದಿನ ಶಾಲೆಯ ಗೇಟಿನ ಬಳಿ ಮುನಿರಾಜಣ್ಣ ಸಿಕ್ಕರು. ಅವರ ಮಗಳು ನಮ್ಮಲ್ಲಿ ಆರನೇ ಕ್ಲಾಸು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಇವರು ಬಿಲ್ಡಿಂಗ್ ಬೆಳೆಯುತ್ತಾರೆ. ಐದು ಮಹಡಿಯ ಹೊಸದೊಂದು ಮುಗಿಯುತ್ತಾ ಬಂದಿತ್ತು.

“ಮೇಷ್ಟ್ರೆ, ನಮ್ ಬಿಲ್ಡಿಂಗಿಗೆ ಒಂದ್ ದೃಷ್ಟಿಬೊಂಬೆ ಬರ್ದುಕೊಡ್ತೀರಾ? ಅಂಗಡೀಲಿ ಸಿಗೋವೆಲ್ಲಾ ಒಂದೇ ತರ ಅವೆ. ಯಾರೂ ಎದ್ರಕಳಲ್ಲ.”

ಕೋರೆಹಲ್ಲು, ಗುಡ್ಡೆಗಣ್ಣು, ನಾಲಿಗೆ ಚಾಚಿದ ಆ ರಾಕ್ಷಸ ಮುಖ! ನಾನು! ನನ್ನ ಕುಂಚದಿಂದ! ಮೈಯೆಲ್ಲ ಉರಿದುಹೋಯಿತು.

“ಕ್ಷಮಿಸಿ ಮುನಿರಾಜಣ್ಣ. ನಾನು ಭಾವಚಿತ್ರ ಕಲಾವಿದ. ದೃಷ್ಟಿಬೊಂಬೆ ಎಲ್ಲ ಬರೆಯೋದಿಲ್ಲ.”

ಅವರು ಬೇಸರ ಮಾಡಿಕೊಳ್ಳಲಿಲ್ಲ. “ಅಂಗಾದ್ರೆ ನಮ್ಮಮ್ಮಂದು ಒಂದ್ ಪಟ ಬರ್ದುಕೊಡಿ. ಗೃಹಪ್ರವೇಶದ ದಿನ ಎಲ್ರ ಮುಂದೆ ಬಟ್ಟೆ ಎಳ್ಸೋಣ. ಚೆಂದಾಗ್ ಬಂದ್ರೆ ಗ್ರೌಂಡ್ ಫ್ಲೋರ್ ಪೂರ್ತಿ ನಿಮ್ ಕ್ಲಾಸಿಗೇ ಬಿಟ್ಬಿಡ್ತೀನಿ.”

ನಾನು ಅರ್ಧ ನಿಮಿಷ ಯೋಚಿಸುವವನಂತೆ ನಿಂತೆ. ಮರುದಿನವೇ ಹೊಸ ವಿಳಾಸ ಹಾಕಿಸಿ ಇನ್ನೂರು ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ತಾರಸಿ ತರಗತಿಯ ತಾಯಂದಿರಿಗೆಲ್ಲ ಹಂಚಿದೆ. ಮನೆಯ ಒಡತಿಗೂ ಒಂದು ಕೊಟ್ಟು, “ಇನ್ನು ಮೇಲೆ ನೀವು ಇಡೀ ತಾರಸಿಯಲ್ಲಿ ಸಂಡಿಗೆ ಹಾಕಿಕೊಳ್ಳಬಹುದು” ಎಂದು ಗಂಭೀರವಾಗಿ ಅನುಮತಿ ದಯಪಾಲಿಸಿದೆ.

ಮುನಿರಾಜಣ್ಣ ಮೊಬೈಲಿಗೆ ಫೋಟೋ ಕಳಿಸಿದರು. ಗೋಡೆಯ ಮೇಲಿದ್ದ ಚೌಕಟ್ಟಿನ ಪಟವೊಂದನ್ನು ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ. ಪಟದಲ್ಲಿ ಒಬ್ಬ ಹೆಂಗಸು, ಕಿವಿಯಲ್ಲಿ ಏಳು ಕಲ್ಲಿನ ಓಲೆ. ಪಟದ ಸುತ್ತ ಹಳದಿ ಸೇವಂತಿಗೆಯ ದಪ್ಪ ಹಾರ. ಗಾಜಿನ ಮೇಲೆ ಧಾರಾಳವಾಗಿ ಹಚ್ಚಿದ ಕುಂಕುಮ. ಈ ನಾಡಿನಲ್ಲಿ ಪಟಕ್ಕೆ ಹಾರ ಬಿದ್ದರೆ ಅದರ ಅರ್ಥವೇನೆಂದು ಚಿಕ್ಕ ಮಗುವಿಗೂ ಗೊತ್ತು. ನನಗೂ ಗೊತ್ತಾಯಿತು.

ನನ್ನ ಹೆಂಡತಿ ಶೈಲಾ ಭುಜದ ಮೇಲಿಂದ ಬಗ್ಗಿ ನೋಡಿದಳು.

“ರೀ, ಆ ಅಮ್ಮ ಇದ್ದಾರಾ, ಇಲ್ವಾ?”

“ಹಾರ ಹಾಕಿದೆ, ಕುಂಕುಮ ಇಟ್ಟಿದೆ. ಇನ್ನೇನು ಡೆತ್ ಸರ್ಟಿಫಿಕೇಟ್ ಬೇಕಾ ನಿನಗೆ?”

“ಒಂದು ಫೋನ್ ಮಾಡಿ ಕೇಳೋಕೆ ಏನು ಕಷ್ಟ?”

“ಕಲಾವಿದ ಕೇಳೋದಿಲ್ಲ ಶೈಲಾ. ನೋಡ್ತಾನೆ.”

“ಹಾಗಾದ್ರೆ ನೆಟ್ಟಗೆ ನೋಡಿ. ಬಾಯಿ ಹತ್ರ ಅಡ್ಡಕ್ಕೆ ಅದೇನು ಬೆಳ್ಳಗೆ?”

“ಹಲ್ಲು.”

“ನನಗೇನೋ ಟ್ಯೂಬ್‌ಲೈಟ್ ಥರ ಕಾಣ್ತಿದೆ.”

ಬ್ಯಾಂಕಿನಲ್ಲಿ ಕೂತು ಸಹಿ ತಾಳೆ ನೋಡುವವಳಿಗೆ ಕಲೆಯ ಬಗ್ಗೆ ಏನು ಗೊತ್ತು? ನಾನು ಕರುಣೆಯಿಂದ ಮುಗುಳ್ನಕ್ಕೆ.

ನಾಲ್ಕಡಿ ಎತ್ತರದ ಕ್ಯಾನ್ವಾಸು. ಮೂರು ವಾರದ ತಪಸ್ಸು. ಕಂಡದ್ದನ್ನು ಬರೆಯಬೇಕು ಎನ್ನುವುದು ನನ್ನ ಸಿದ್ಧಾಂತ. ಕಂಡದ್ದನ್ನೆಲ್ಲ ಬರೆದೆ. ಕುಂಕುಮ ಗಾಜಿನ ಮೇಲೆ ಒದ್ದೆಯಾಗಿ ಮೂಗಿನ ತುದಿಯವರೆಗೆ ಇಳಿದಿತ್ತು. ಇಳಿಸಿದೆ. ಎರಡೂ ಕಣ್ಣಿನಲ್ಲಿ ಫ್ಲ್ಯಾಶ್ ಬಿದ್ದು ಬಿಳಿ ಕಿಡಿ ಹೊತ್ತಿತ್ತು. ಹೊತ್ತಿಸಿದೆ. ಕೆನ್ನೆಯಿಂದ ಕೆನ್ನೆಗೆ ಹರಡಿದ್ದ ಆ ಬಿಳುಪನ್ನು ಒಂದೊಂದೇ ಹಲ್ಲಾಗಿ ಬಿಡಿಸಿದೆ. ಸೇವಂತಿಗೆ ಹಾರಕ್ಕೇ ನಾಲ್ಕು ದಿನ ಹಿಡಿಯಿತು. ಆಮೇಲೆ ಅಗಲಿದ ತಾಯಿಗೆ ನನ್ನದೊಂದು ಕಾಣಿಕೆ ಇರಲಿ ಎಂದು ಗಲ್ಲದ ಕೆಳಗೆ ಕೆಂಪಗೆ ಉರಿಯುವ ದೀಪದ ಕುಡಿ, ತಲೆಯ ಹಿಂದೆ ಸ್ವರ್ಗದ ಮೋಡಗಳನ್ನು ಸೇರಿಸಿದೆ. ಹೆಸರು, ಜನನ, ಮರಣದ ದಿನಾಂಕ ಬರೆಯಲು ಕೆಳಗೆ ಒಂದು ಪಟ್ಟಿ ಖಾಲಿ ಬಿಟ್ಟೆ. ಮೂಲೆಯಲ್ಲಿ ನನ್ನ ಸಹಿ. ರಸ್ತೆಯಿಂದಲೂ ಓದುವಷ್ಟು ದೊಡ್ಡದು.

ಗೃಹಪ್ರವೇಶದ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಪಟವನ್ನು ನಿಲ್ಲಿಸಿ, ಶೈಲಾಳ ಹಳೆಯ ರೇಷ್ಮೆ ಸೀರೆ ಹೊದಿಸಿ ಹೊರಟೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಳಿಗೆ ಸೀರೆ ಹಾರಿತು. ಹಿಂದೆ ಬರುತ್ತಿದ್ದ ಬೈಕಿನವನು ತಟ್ಟನೆ ಬ್ರೇಕ್ ಹಾಕಿ ದೂರ ಉಳಿದುಬಿಟ್ಟ.

“ನೋಡಿದೆಯಾ ಕಲೆಯ ಶಕ್ತಿ” ಎಂದೆ.

“ನೋಡ್ದೆ” ಎಂದಳು ಶೈಲಾ. ಅವಳು ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೋಮ ಮುಗಿದಿತ್ತು. ಗ್ರೌಂಡ್ ಫ್ಲೋರಿನ ಹಾಲಿನಲ್ಲೇ, ಅಂದರೆ ನನ್ನ ಭಾವಿ ಕಲಾಶಾಲೆಯಲ್ಲೇ, ಎಲೆ ಹಾಕುವ ಸಿದ್ಧತೆ ನಡೆದಿತ್ತು. ಪಟವನ್ನು ಗೋಡೆಗೆ ಒರಗಿಸಿದೆ. ಮುನಿರಾಜಣ್ಣ ನೆಂಟರ ನಡುವೆ ಮುಳುಗಿಹೋಗಿದ್ದರು. ಬಟ್ಟೆ ಎಳೆಯಲು ಬರಬೇಕಿದ್ದ ಊರಿನ ಮುಖಂಡರ ಕಾರು ಗೇಟಿನ ಹೊರಗೆ ನಿಲ್ಲುತ್ತಿತ್ತು. ನನಗೆ ಆಗ ದಿನಾಂಕದ ನೆನಪಾಯಿತು. ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಬೊಚ್ಚುಬಾಯಿಯ ಮುದುಕಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದರು. ಯಾರೋ ದೂರದ ನೆಂಟರಿರಬೇಕು ಎಂದುಕೊಂಡು ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದೆ.

“ಅಜ್ಜಿ, ಮುನಿರಾಜಣ್ಣನ ಅಮ್ಮ ತೀರಿಕೊಂಡು ಎಷ್ಟು ವರ್ಷ ಆಯ್ತು?”

ಅವರು ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಇನ್ನೂ ತೀರ್ಕಂಡಿಲ್ಲ ಕಣಪ್ಪ. ಊಟ ಆಗ್ಲಿ ಅಂತ ಕುಂತಿವ್ನಿ.”

ಮೂರು ವಾರ ಆ ಮುಖವನ್ನು ಇಂಚಿಂಚಾಗಿ ನೋಡಿ ಬರೆದವನು ನಾನು. ಎರಡಡಿ ದೂರದಲ್ಲಿ ಕೂತರೂ ಗುರುತು ಹತ್ತಿರಲಿಲ್ಲ! ಈಗ ನೋಡುತ್ತೇನೆ, ಕಿವಿಯಲ್ಲಿ ಅದೇ ಏಳು ಕಲ್ಲಿನ ಓಲೆ. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ನನ್ನ ಪಟದಲ್ಲಿ ಇಪ್ಪತ್ತೆಂಟಿದ್ದವು.

“ಹಾಗಾದ್ರೆ... ಪಟಕ್ಕೆ ಹಾರ...” ಎಂದು ತೊದಲಿದೆ.

“ಅದಾ? ಆಯುಧಪೂಜೆ ದಿನ ಟಿಪ್ಪರಿಗೆ ಆಕಿ ಮಿಕ್ಕಿದ್ ಆರಾನ ಆ ಡ್ರೈವರ್ ಮುಂಡೇವು ನನ್ ಪಟಕ್ಕೂ ಆಕಿದ್ವು. ಚೆಂದಾಗ್ ಬೈದಿವ್ನಿ. ಯಾಕ್ ಕೇಳ್ತೀಯ?”

ಬದುಕಿರುವ ತಾಯಿಗೆ ಹಾರ ಹಾಕಿ, ದೀಪ ಹಚ್ಚಿ, ಮೋಡದ ಮೇಲೆ ಕೂರಿಸಿ, ಅವಳ ಗೃಹಪ್ರವೇಶಕ್ಕೇ ಹೊತ್ತು ತಂದಿದ್ದೇನೆ. ಹಾಲ್ ಹೋಯಿತು. ಶಾಲೆಯ ಕೆಲಸವೂ ಹೋಗಬಹುದು. ನೆರೆದಿದ್ದ ಮುನಿರಾಜಣ್ಣನ ದಾಯಾದಿಗಳ ತೋಳುಗಳನ್ನು ನೋಡಿದರೆ ಇನ್ನೂ ಏನೇನೋ ಹೋಗುವ ಹಾಗಿತ್ತು. ಪಟದತ್ತ ಓಡಿದೆ. “ಎಳೀಬೇಡಿ, ಬಣ್ಣ ಇನ್ನೂ ಹಸಿ ಇದೆ” ಎಂದು ಕೂಗುವಷ್ಟರಲ್ಲಿ ಮುಖಂಡರು ಸೀರೆಯನ್ನು ಎಳೆದೇಬಿಟ್ಟರು.

ಎಲ್ಲೋ ಒಂದು ಮಗು ಚಿಟ್ಟನೆ ಚೀರಿತು. ಮುಖಂಡರು ಎರಡು ಹೆಜ್ಜೆ ಹಿಂದೆ ಸರಿದು ಎಲೆಯ ಮೇಲೆ ಕಾಲಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

“ಅಬ್ಬಬ್ಬಾ! ಮೇಷ್ಟ್ರೆ!” ಇದು ಮುನಿರಾಜಣ್ಣನ ದನಿ. “ಬರೆಯಲ್ಲ ಬರೆಯಲ್ಲ ಅಂತ ಯೋಳಿ ಕೊನೆಗೂ ದೃಷ್ಟಿಬೊಂಬೆ ಬರ್ದೇ ತಂದ್ರಲ್ಲ!”

ನಾನು ಒಂದು ಕಣ್ಣು ತೆರೆದೆ.

ಅವರು ಪಟದ ಮುಂದೆ ಕೈಕಟ್ಟಿ ನಿಂತು ತಲೆದೂಗುತ್ತಿದ್ದರು. “ಆ ಅಲ್ಲು ನೋಡ್ರಪ್ಪ. ಕಣ್ಣಲ್ಲಿ ಬೆಂಕಿ. ನಾಲಿಗೆ ಎಂಗ್ ಚಾಚೈತೆ ನೋಡಿ.” ಅದು ನನ್ನ ದೀಪದ ಕುಡಿ. “ಇಂದುಗಡೆ ಒಗೆ ಬೇರೆ.” ಅದು ಸ್ವರ್ಗ. “ಕುತ್ತಿಗೇಗೆ ನಿಂಬೆಹಣ್ಣಿನ ಆರಾನೂ ಬರ್ದವ್ರೆ. ಏನೂ ಬಿಟ್ಟಿಲ್ಲ.”

ನಿಂಬೆಹಣ್ಣು! ನಾಲ್ಕು ದಿನದ ಸೇವಂತಿಗೆ!

ಹೆತ್ತ ಮಗನಿಗೇ ತಾಯಿಯ ಗುರುತು ಹತ್ತಿರಲಿಲ್ಲ. ನನ್ನ ಮುಂದೆ ಎರಡೇ ದಾರಿ ಇದ್ದವು. ‘ಇದು ನಿಮ್ಮ ತಾಯಿಯ ಭಾವಚಿತ್ರ’ ಎಂದು ಕಲೆಯ ಮಾನ ಕಾಪಾಡುವುದು. ಇಲ್ಲವೇ ನನ್ನ ಕೈಕಾಲು ಕಾಪಾಡುವುದು. ಸಿದ್ಧಾಂತವಾದಿಗಳ ಬದುಕಿನಲ್ಲಿ ಇಂಥ ಗಳಿಗೆ ಬಂದೇ ಬರುತ್ತದೆ. ನಾನು ಒಂದು ಕ್ಷಣವೂ ತಡಮಾಡಲಿಲ್ಲ.

“ಹೌದು ಮುನಿರಾಜಣ್ಣ. ದೃಷ್ಟಿಬೊಂಬೆನೇ. ನಿಮಗೆ ಸರ್‌ಪ್ರೈಸ್ ಇರಲಿ ಅಂತ.”

“ಮತ್ತೆ ಅಮ್ಮನ್ ಪಟ?”

“ಅದು ಒಣಗ್ತಾ ಇದೆ.”

ಶೈಲಾ ಸೀರೆ ಮಡಚುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜಗಳು ಕುಣಿಯುತ್ತಿದ್ದವು.

ಊಟಕ್ಕೆ ಕೂತಾಗ ಅಜ್ಜಿ ನಿಧಾನಕ್ಕೆ ಎದ್ದು ಪಟದ ಹತ್ತಿರ ಹೋದರು. ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ನನ್ನ ಎಲೆಯ ಪಕ್ಕ ಬಂದು ನಿಂತರು. ನನ್ನ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು.

“ಓಲೆ ನಂದೇ ಅಲ್ವೇನಪ್ಪ?”

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಆ ಮುಖ ನೋಡಿ ಆಗಲಿಲ್ಲ. “ಹೌದು ಅಜ್ಜಿ. ತಪ್ಪಾಯ್ತು” ಎಂದೆ.

“ಓಲೆ ಮಾತ್ರ ಚೆಂದಾಗ್ ಬರ್ದಿದೀಯ” ಎಂದು ಅವರು ತಮ್ಮ ಕಿವಿ ಮುಟ್ಟಿಕೊಂಡರು. “ನನ್ ಮಗಂಗೆ ಯೋಳ್ಬ್ಯಾಡ, ನೊಂದ್ಕತಾನೆ. ಈ ಮನೆಗೆ ಸೊಸೆಯಾಗಿ ಬಂದಾಗ್ಲಿಂದ ಎಲ್ರಿಗೂ ದೃಷ್ಟಿ ತೆಗೀತಿರೋಳು ನಾನೇ. ಇನ್ಮೇಕೆ ಪಟಾನೂ ತೆಗೀಲಿ ಬಿಡು.”

ನಾನು ಹನ್ನೆರಡು ವರ್ಷ ಕಾದಿದ್ದ ಮೆಚ್ಚುಗೆ ಸಿಕ್ಕಿತ್ತು. ಒಂದು ಜೊತೆ ಓಲೆಗೆ. ಕಣ್ಣಲ್ಲಿ ನೀರು ಬಂತು. ಸಾರು ಖಾರವಾಗಿದೆ ಎಂದು ಪಕ್ಕದವರಿಗೆ ಹೇಳಿದೆ.

ಆ ಸಂಜೆಯೇ ಅಜ್ಜಿ ಮಗನಿಗೆ ತಾಕೀತು ಮಾಡಿದರಂತೆ, ತಾವು ಬದುಕಿರುವವರೆಗೆ ಇನ್ನು ಯಾರೂ ತಮ್ಮ ಪಟ ಬರೆಯಕೂಡದು ಎಂದು. ಹೀಗಾಗಿ ಒಣಗುತ್ತಿದ್ದ ಪಟ ಒಣಗುತ್ತಲೇ ಉಳಿಯಿತು. ಪಟವಿಲ್ಲದ ಮೇಲೆ ಹಾಲೂ ಇಲ್ಲ. ಅಲ್ಲೀಗ ಜಿಮ್ ಬಂದಿದೆ. ನನ್ನ ವಿಸಿಟಿಂಗ್ ಕಾರ್ಡುಗಳ ಹಿಂದೆ ಶೈಲಾ ತರಕಾರಿ ಪಟ್ಟಿ ಬರೆಯುತ್ತಾಳೆ. ತಾರಸಿಯಲ್ಲಿ ನಾನು ಕೊಟ್ಟ ಅನುಮತಿಯನ್ನು ಮನೆಯ ಒಡತಿ ಶಿರಸಾ ಪಾಲಿಸುತ್ತಿದ್ದು, ಶಿಷ್ಯರು ಸಂಡಿಗೆಗಳ ನಡುವೆ ಜಾಗ ಹುಡುಕಿ ಕೂರುತ್ತಾರೆ.

ಪಟ ಮಾತ್ರ ಐದನೇ ಮಹಡಿಯ ನೆತ್ತಿಯ ಮೇಲೆ, ನನ್ನ ಸಹಿಯ ಸಮೇತ ನೇತಾಡುತ್ತಿದೆ. ನನ್ನ ಬದುಕಿನ ಏಕೈಕ ಶಾಶ್ವತ ಪ್ರದರ್ಶನ. ಸ್ಕೂಲ್ ಬಸ್ಸು ದಿನಾ ಅದರ ಮುಂದೆಯೇ ಹೋಗುತ್ತದೆ. “ಸಾರ್, ನೀವು ಕಂಡದ್ದನ್ನೇ ಬರೀತೀರಲ್ಲ, ಅದನ್ನ ಎಲ್ಲಿ ಕಂಡ್ರಿ?” ಎಂದು ಆರನೇ ಕ್ಲಾಸಿನವರು ಕೇಳುತ್ತಾರೆ. ನಾನು ಅವರಿಗೆ ತೆಂಗಿನಮರ ಬರೆಯಲು ಹೇಳುತ್ತೇನೆ.

ಇಷ್ಟಕ್ಕೇ ಮುಗಿದಿದ್ದರೆ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಕಳೆದ ತಿಂಗಳು ಮುನಿರಾಜಣ್ಣ ಯಲಹಂಕದ ಹೊಸ ಬಿಲ್ಡಿಂಗಿಗೆ ಇನ್ನೊಂದು ಬೊಂಬೆ ಬೇಕೆಂದರು. ಈ ಸಲ ನಾನು ಮರುಮಾತಾಡದೆ ಒಪ್ಪಿಕೊಂಡೆ. ಬೇಕೆಂದೇ ರಾಕ್ಷಸನನ್ನು ಬರೆಯಲು ಕೂತೆ. ಕೋರೆಹಲ್ಲು ಬರೆದೆ, ಗುಡ್ಡೆಗಣ್ಣು ಬರೆದೆ, ಮೀಸೆ ತಿದ್ದಿದೆ. ಎಷ್ಟು ಬರೆದರೂ ಯಾರೋ ಪಾಪದ ಮುದುಕಿ ಕೂತು ನಗುತ್ತಿರುವ ಹಾಗೆ ಬರುತ್ತಿತ್ತು. ಮೂರು ಕ್ಯಾನ್ವಾಸು ಹಾಳಾದವು.

“ಏನು ಮಾಡ್ಲಿ ಶೈಲಾ?”

ಅವಳು ಒಳಗಿನಿಂದ ಗೋಡೆಯ ಕನ್ನಡಿ ಬಿಚ್ಚಿ ತಂದು ನನ್ನ ಎದುರಿಗಿಟ್ಟಳು. “ಕಂಡದ್ದನ್ನ ಬರೀರಿ” ಎಂದಳು.

ಬೇರೆ ದಾರಿಯಿರಲಿಲ್ಲ. ಬರೆದೆ. ನನ್ನ ಮೊದಲ ಆತ್ಮಚಿತ್ರ. ಒಂದು ಗೆರೆಯೂ ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ.

ಮುನಿರಾಜಣ್ಣ ನೋಡಿದ ಕೂಡಲೇ ಒಪ್ಪಿಕೊಂಡರು.