ತಾರ್ಲೆ ಮೀನಿಗೆ ಎಲೆಕ್ಟ್ರಾನ್ ಹಾಲೋಗ್ರಫಿ

ಮೀನು ಒಣಗಿಸುವುದನ್ನು ನನಗೆ ಕಾಗದದಲ್ಲಿ ಬರೆದು ಕಲಿಸುವ ಧೈರ್ಯ ಯಾರಿಗಾದರೂ ಇರಬಹುದೆಂದು ನಾನು ಎಣಿಸಿರಲಿಲ್ಲ. ಅಂಕೋಲೆಯ ಕಡಲ ದಂಡೆಯಲ್ಲಿ ಹುಟ್ಟಿದವನು ನಾನು; ಅಜ್ಜಿಯ ಕಾಲದಿಂದ ಒಣಮೀನು ಮಾರಿದ ಮನೆ ನಮ್ಮದು! ಆದ್ದರಿಂದ ಪ್ರಯೋಗಾಲಯದವರು ಕಳಿಸಿದ 'ಮಾದರಿಯನ್ನು ಒಣಗಿಸುವ ವಿಧಾನ' ಎಂಬ ಪುಟವನ್ನು ಓದದೆಯೇ ಮಗುಚಿದೆ.

ಕಾರವಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಐವತ್ತರ ಹೊಸ್ತಿಲಲ್ಲಿ ಡಾಕ್ಟರೇಟ್ ಮಾಡಲು ಹೊರಟಿದ್ದೆ. ವಿಷಯ: ತಾರ್ಲೆ ಮೀನಿನ ಚರ್ಮದ ಬೆಳ್ಳಿ ಹೊಳಪು. ಆ ಹೊಳಪು ಕೊಡುವ ಹರಳುಗಳು ತೀರಾ ತೆಳು. ಎಲೆಕ್ಟ್ರಾನ್ ಅಲೆ ಅವುಗಳನ್ನು ಹಾಯುವಾಗ ಎಷ್ಟು ಏರುಪೇರಾಯಿತೆಂದು ನೋಡಿ ದಪ್ಪ ಹೇಳುವ ಯಂತ್ರವಿದೆ. ಆ ವಿಧಾನದ ಹೆಸರೇ ಎಲೆಕ್ಟ್ರಾನ್ ಹಾಲೋಗ್ರಫಿ. ದೂರದೂರಿನ ಪ್ರಯೋಗಾಲಯದ ಆ ಯಂತ್ರ ಏಳು ತಿಂಗಳು ಕಾದ ಮೇಲೆ ನನಗೆ ಸಿಕ್ಕಿದ್ದು ಒಂದೇ ದಿನ! ಆ ದಿನ ವ್ಯರ್ಥವಾದರೆ ಪ್ರಬಂಧದ ಗಡುವೂ ಮುಗಿದಂತೆ.

ಮೀನಿನ ಚರ್ಮವನ್ನು ಆಯಿಯ, ಅಂದರೆ ನನ್ನ ಅಮ್ಮನ, ಕೈಗೆ ಕೊಟ್ಟೆ.

"ಒಣಗ್ಸಿ ಕೊಡೇ ಆಯಿ. ಚೂರೂ ನೀರಿರಬಾರ್ದು."

"ನಂಗೆ ಹೇಳ್ಕೊಡ್ತ್ಯಾ ನೀನು?"

ಎರಡು ದಿನ ಆಯಿ ಕೋಲು ಹಿಡಿದು ಅಂಗಳದಲ್ಲಿ ಕಾಗೆ ಓಡಿಸುತ್ತ ಕೂತಳು. ನಾನು ಪೊಟ್ಟಣ ಕಟ್ಟಿ ಕಳಿಸಿದೆ.

ಚಿತ್ರಗಳು ಬಂದವು. ಎಲ್ಲೆಲ್ಲೂ ಚೌಕಗಳು! ಮೂಲೆಗಳು ಬಡಗಿ ಅಳೆದು ಕೊಯ್ದಂತಿದ್ದವು. "ತಾರ್ಲೆಯ ಮೈಮೇಲೆ ಪ್ರಕೃತಿಯೇ ರೇಖಾಗಣಿತ ಬರೆದಿದೆ!" ಎಂದು ಸ್ಟಾಫ್ ರೂಮಿನಲ್ಲಿ ಘೋಷಿಸಿ ಎಲ್ಲರಿಗೂ ಪೇಡೆ ಹಂಚಿದೆ. ಪ್ರಾಂಶುಪಾಲರು 'ಬನ್ನಿ ಡಾಕ್ಟರೇ' ಎಂದು ಶಾಲು ಹೊದಿಸಿದರು.

ಮರುದಿನ ಯಂತ್ರ ನಡೆಸುವ ಮೇಡಂ ಫೋನ್ ಮಾಡಿದರು.

"ಸರ್, ಮಾದರಿಗೆ ಏನು ಹಾಕಿದ್ರಿ?"

"ಏನೂ ಇಲ್ಲ."

"ಆ ಚೌಕಗಳೆಲ್ಲ ಅಡುಗೆ ಉಪ್ಪು, ಸರ್. ಮೀನು ಎಲ್ಲಿದೆ ಅಂತ ನಾವು ದಿನವಿಡೀ ಹುಡುಕಿದ್ವಿ."

ಓದದೆ ಬಿಟ್ಟಿದ್ದ ಪುಟ ತೆಗೆದೆ. ದಪ್ಪ ಅಕ್ಷರದಲ್ಲಿ ಮೊದಲನೆಯ ಸಾಲು: 'ಉಪ್ಪು ಸೋಂಕದಂತೆ ಎಚ್ಚರ ವಹಿಸಿ.' ನಿಜಕ್ಕೂ ಅಳು ಬಂತು.

"ಆಯಿ, ಉಪ್ಪು ಹಾಕಿದ್ಯೇನೇ?"

"ಹಾಕ್ದೇ ಮತ್ತೆ? ಉಪ್ಪಿಲ್ದೇ ಒಣಗ್ಸಿದ್ರೆ ಹುಳ ಬೀಳ್ತದೆ ಮಗಾ."

ಏಳು ತಿಂಗಳು ಕಾದದ್ದು, ಗಡುವು ಮುಗಿದದ್ದು, ಯಂತ್ರಕ್ಕೆ ಕಂಡದ್ದು ಬರೀ ಉಪ್ಪು ಎಂಬುದು, ಎಲ್ಲ ಹೇಳಿಕೊಂಡೆ. ಆಯಿ ನನ್ನನ್ನು ಕನಿಕರದಿಂದ ನೋಡಿದಳು.

"ಉಪ್ಪದೆ ಅಂತ ತಿಳ್ಕೊಳ್ಳೂಕೆ ಅಷ್ಟು ದೂರ ಕಳ್ಸಿದ್ಯಾ? ನಾಲಿಗೆಗೆ ತಾಗ್ಸಿದ್ರೆ ಸಾಕಿತ್ತಲಾ!"

ಸಹೋದ್ಯೋಗಿಗಳು ಈಗಲೂ ನನ್ನನ್ನು 'ಡಾಕ್ಟರೇ' ಎಂದೇ ಕರೆಯುತ್ತಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಸಾರಿನ ಡಬ್ಬಿ ನನ್ನ ಕಡೆ ಸರಿಸಿ, ಉಪ್ಪು ಸರಿಯಾಗಿದೆಯೇ ನೋಡಲು.