ನಾಲ್ಕು ಬೆರಳು ಕಡಿಮೆ ಬಿದ್ದ ಡಿಕ್ಕಿ

ಜೀಪು-ಕಾರುಗಳ ಹಿಂಬದಿಯ ಡಿಕ್ಕಿಗೆ ಸಂರಕ್ಷಣಾ ಸಾಮಗ್ರಿಗಳ ತಯಾರಕರೂ, ಗೀರುಗಳ ಪರಮ ವೈರಿಗಳೂ, ಜಗತ್ತಿನ ಸಕಲ ವಸ್ತುಗಳನ್ನು ಎರಡೇ ಡ್ರಾಯರುಗಳಲ್ಲಿ ಜೋಡಿಸಬಲ್ಲ ಸಮರ್ಥರೂ ಆದ ಮಾನ್ಯರೇ,

ತಾವೂ ತಮ್ಮ ಬೋಲ್ಟುಗಳೂ ಭದ್ರವಾಗಿದ್ದೀರೆಂದು ನಂಬಿ ಈ ಪತ್ರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ. ನಾನು ಮೂವತ್ತು ವರ್ಷಗಳಿಂದ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬದುಕಿರುವ ದರ್ಜಿ. ಅಳತೆಯಲ್ಲಿ ಎಡವುವ ಆಸಾಮಿಯಲ್ಲ ಎಂಬುದನ್ನು ಮೊದಲೇ ತಮ್ಮ ಗಮನಕ್ಕೆ ತರಬಯಸುತ್ತೇನೆ.

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಗುಡ್ಡದ ತುದಿಯಲ್ಲಿ ವಾಸವಾಗಿದ್ದಾರೆ. ಅಲ್ಲಿಗೆ ಹೋಗುವ ಕಲ್ಲುಗುಂಡಿಗಳ ಸಾಲನ್ನು ರಸ್ತೆ ಎಂದು ಕರೆಯುವುದು ಬರೀ ಮರ್ಯಾದೆಗೆ. ಅಮ್ಮನಿಗೆ ಗಾಲಿಕುರ್ಚಿ ಬಂದ ಮೇಲೆ ಅಕ್ಕತಂಗಿಯರು ಮೂರು ವರ್ಷದಿಂದ ಮುಖ ನೋಡಿಲ್ಲ, ಫೋನಿನಲ್ಲೇ ಜಗಳವಾಡಿ ತೃಪ್ತಿಪಟ್ಟುಕೊಂಡಿದ್ದಾರೆ. ಇನ್ನಾದರೂ ಎದುರೆದುರು ಕೂತು ಜಗಳವಾಡಲಿ ಎಂದು ನಾನು ಒಂದು ಪುಟ್ಟ ಜೀಪನ್ನು ಕೊಂಡೆ. ಕೊಂಡ ಮರುದಿನವೇ ಗಾಲಿಕುರ್ಚಿಯಿಂದ ಡಿಕ್ಕಿಗೆ ಗೀರು ಬಿದ್ದೀತೆಂಬ ಚಿಂತೆ ಹತ್ತಿಕೊಂಡು, ತಮ್ಮ ಜಾಹೀರಾತಿಗೆ ಮನಸೋತೆ.

ತಮ್ಮ ಸಾಮಗ್ರಿಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅಂಚು ಎತ್ತರಿಸಿದ ದಪ್ಪ ರಬ್ಬರ್ ಚಾಪೆ, ಅದರ ಮೇಲೆ ಎಂಟು ಬೋಲ್ಟುಗಳಿಂದ ನೆಲ ಕಚ್ಚಿ ಕೂತ ಡ್ರಾಯರು ಪೆಟ್ಟಿಗೆ, ಪಕ್ಕದಲ್ಲಿ ಚೀಲಗಳು, ಮೇಲೊಂದು ಬಲೆ. ಹಗ್ಗಕ್ಕೊಂದು ಮನೆ, ಟಾರ್ಚಿಗೊಂದು ಮನೆ, ಕೊಡೆಗೆ ಎರಡು ಮನೆ. ನನ್ನ ಹೆಂಡತಿ ತಂದ ಟೊಮೆಟೊ ಚೀಲವನ್ನು ಡಿಕ್ಕಿಯಲ್ಲಿಡಲು ನಾನು ಬಿಡದ ಕಾರಣ ಆಕೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಮನೆಗೆ ಬಂದಳು. ಈ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ಟು ಎಲ್ಲಿ ಸಿಗುತ್ತದೆಂದು ಅಂದಿನಿಂದ ದಿನವೂ ವಿಚಾರಿಸುತ್ತಾಳೆ.

ಕಳೆದ ಭಾನುವಾರ ಬೆಳಗ್ಗೆ ಏಳಕ್ಕೇ ಅಮ್ಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ನೀಲಿ ಶಾಲು ಹೊದ್ದು, ಮೂರು ವರ್ಷದ ಜಗಳಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತ ಅವರು ಸಿದ್ಧರಾಗಿದ್ದರು. ನಾನು ಗಾಲಿಕುರ್ಚಿಯನ್ನು ಮಡಚಿ ಹಿಂದಕ್ಕೆ ತಂದೆ. ಪೆಟ್ಟಿಗೆಗೂ ಬಾಗಿಲಿಗೂ ನಡುವೆ ಜಾಗ ಸರಿಯಾಗಿ ನಾಲ್ಕು ಬೆರಳು ಕಡಿಮೆ ಬಿತ್ತು. ಉದ್ದಕ್ಕಿಟ್ಟೆ, ಅಡ್ಡಕ್ಕಿಟ್ಟೆ, ಓರೆಯಾಗಿಟ್ಟೆ, ತಲೆಕೆಳಗು ಮಾಡಿದೆ. ಬಟ್ಟೆಯಾಗಿದ್ದರೆ ಹೊಲಿಗೆ ಬಿಚ್ಚಿ ನಾಲ್ಕು ಬೆರಳು ಬಿಡುತ್ತಿದ್ದೆ, ಆದರೆ ತಾವು ಒಳಗೆ ಎಲ್ಲೂ ಹೆಚ್ಚುವರಿ ಬಟ್ಟೆ ಬಿಟ್ಟಿಲ್ಲ.

ಪೆಟ್ಟಿಗೆಯನ್ನೇ ಬಿಚ್ಚೋಣವೆಂದರೆ ಸ್ಪ್ಯಾನರ್ ಸ್ಟೆಪ್ನಿ ಚಕ್ರದ ಗುಳಿಯಲ್ಲಿತ್ತು, ಗುಳಿ ಚಾಪೆಯ ಕೆಳಗಿತ್ತು, ಚಾಪೆ ಪೆಟ್ಟಿಗೆಯ ಕೆಳಗಿತ್ತು. ಇಷ್ಟು ಭದ್ರವಾದ ಸ್ಪ್ಯಾನರ್ ಇಡೀ ಬೀದಿಯಲ್ಲಿ ಇನ್ನೊಂದಿರಲಾರದು, ಅಭಿನಂದನೆಗಳು. ರಜೆಯ ನಿದ್ದೆಯಲ್ಲಿದ್ದ ಮೆಕ್ಯಾನಿಕ್ಕನ್ನು ಕಾಡಿ ಬೇಡಿ ಕರೆತರುವಷ್ಟರಲ್ಲಿ ಗಂಟೆ ಹತ್ತಾಯಿತು. ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದ ಅಮ್ಮ, ಊರವರ ಸೊಂಟವನ್ನೆಲ್ಲ ಅಳೆದವನು ಈ ಕುರ್ಚಿಯನ್ನು ಅಳೆಯಲಿಲ್ಲವೇ ಎಂದು ಮೆಲ್ಲಗೆ ಕೇಳಿದರು.

ಇಲ್ಲಿ ಒಂದು ಸಣ್ಣ ವಿಷಯವನ್ನು ಒಪ್ಪಿಕೊಳ್ಳಬೇಕಾಗಿದೆ. ಗಾಲಿಕುರ್ಚಿ ಒಯ್ಯುವವರು ಪೆಟ್ಟಿಗೆ ತರಿಸುವ ಮುನ್ನ ಅದನ್ನು ಮಡಚಿ ಅಳೆಯಿರಿ ಎಂದು ತಮ್ಮ ಪುಸ್ತಿಕೆಯ ಎರಡನೆಯ ಪುಟದಲ್ಲೇ ಇದೆ. ಆದರೆ ಅಳತೆಯ ದಿನ ಅಮ್ಮ ಅದರಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದರು. ಅವರನ್ನು ಎಬ್ಬಿಸುವುದೇಕೆಂದು ಕಣ್ಣಳತೆಯಲ್ಲೇ ಬರೆದುಕೊಂಡೆ. ಇದನ್ನು ಹೇಳಿದಾಗ ಅಮ್ಮ ಅಂದರು: “ಹಾಗಾದ್ರೆ ತಪ್ಪು ನಂದೇ ಬಿಡಪ್ಪ. ಆವತ್ತು ನಾನು ಎದ್ದು ನಿಂತ್ಕೋಬೇಕಿತ್ತು.”

ಮೆಕ್ಯಾನಿಕ್ ನಕ್ಕು ನಕ್ಕು ಎಂಟನೆಯ ಬೋಲ್ಟನ್ನು ಕಳೆದುಹಾಕಿದ. ನನಗೆ ನಗು ಬರಲಿಲ್ಲ.

ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಬರೀ ಚಾಪೆಯೊಂದನ್ನು ಉಳಿಸಿಕೊಂಡು ಗುಡ್ಡ ಹತ್ತಿದೆವು. ದೊಡ್ಡಮ್ಮ ಕೋಲೂರಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ಅಂಗಳದ ನಲ್ಲಿ ಒಡೆದು ನೆಲವೆಲ್ಲ ಕೆಸರಾಗಿತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೊರಟರೆ ದೊಡ್ಡಮ್ಮನಿಂದ ಒಂದು ಮಾರು ದೂರದಲ್ಲಿ ಗಾಲಿಗಳು ಹೂತುಕೊಂಡವು. ಇಬ್ಬರೂ ಕೈ ಚಾಚಿದರು, ಎಟುಕಲಿಲ್ಲ. ಆಗ ನಾನು ತಮ್ಮ ಚಾಪೆಯನ್ನು ಎಳೆದು ತಂದು ಕೆಸರಿನ ಮೇಲೆ ಹಾಸಿದೆ, ಅಮ್ಮ ಕುರ್ಚಿಯಲ್ಲಿ ಕೂತೇ ಅದರ ಮೇಲೆ ಗಾಲಿ ಉರುಳಿಸಿಕೊಂಡು ಅಕ್ಕನ ಬಳಿ ಹೋದರು. ಮೂರು ವರ್ಷ ಕೂಡಿಟ್ಟ ಜಗಳ ಇಬ್ಬರಿಗೂ ಮರೆತುಹೋಗಿತ್ತು. ನನಗಂತೂ ಕಣ್ಣು ತುಂಬಿ ಬಂತು.

ಸಂಜೆ ಚಾಪೆಯನ್ನು ಸುತ್ತಲು ಹೋದರೆ ದೊಡ್ಡಮ್ಮ ಅದರ ಮೇಲೆ ಕೋಲೂರಿ ನಿಂತರು. ತಂಗಿ ಮತ್ತೆ ಬರಬೇಕಲ್ಲ, ಅದು ಇಲ್ಲೇ ಇರಲಿ ಎಂದರು. ಹೀಗಾಗಿ ತಮ್ಮ ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಕೆಸರು, ಹೊಸ್ತಿಲು ಮತ್ತು ಅಕ್ಕಂದಿರ ಬಗ್ಗೆ ಒಂದು ಅಧ್ಯಾಯ ಸೇರಿಸಬೇಕೆಂದೂ, ಕೂತವರನ್ನು ಎಬ್ಬಿಸದೆಯೇ ಕುರ್ಚಿ ಅಳೆಯುವ ಟೇಪೊಂದನ್ನು ಕಂಡುಹಿಡಿಯಬೇಕೆಂದೂ, ಅದು ಕಷ್ಟವಾದರೆ ನನ್ನ ಜೀಪನ್ನು ಮನೆಗೇ ಬಂದು ನಾಲ್ಕು ಬೆರಳು ಅಗಲಿಸಿಕೊಡಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ಅಳತೆ ತಪ್ಪಿದ, ಆದರೂ ತಮ್ಮ ವಿಶ್ವಾಸಿ,
ಒಬ್ಬ ದರ್ಜಿ

ಮರೆತ ಮಾತು: ಹಿಂದಿರುಗುವಾಗ ಡಿಕ್ಕಿಯ ಬರಿ ನೆಲದ ಮೇಲೆ ಗಾಲಿಕುರ್ಚಿ ಮೊಳದುದ್ದದ ಗೀರೊಂದನ್ನು ಎಳೆದಿದೆ. ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸಿ, ಅಕ್ಕನ ಮನೆಗೆ ಹೋಗಿಬಂದದ್ದಕ್ಕೆ ಗುರುತು ಎನ್ನುತ್ತಾರೆ. ಗೀರು ಅಳಿಸುವ ಸಾಮಗ್ರಿ ತಮ್ಮಲ್ಲಿ ಏನಾದರೂ ಇದ್ದರೆ ದಯವಿಟ್ಟು ತಿಳಿಸಬೇಡಿ.