ಹುಷಾರಪ್ಪ ಆರಿಸಿದ ಮೇನ್ ಸ್ವಿಚ್

ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲ. ಬರದ ನೀರಿಗೆ ನಲ್ಲಿ ಮುಚ್ಚುವುದೇಕೆ ಎಂದು ಹಾಗೇ ಬಿಟ್ಟು ಹುಷಾರಪ್ಪ ಕ್ಷೌರಕ್ಕೆ ಹೋದ. ತಿರುಗಿ ಬಂದು ಬಾಗಿಲು ತೆಗೆದರೆ ಅವನದೇ ಚಪ್ಪಲಿಗಳು ತೇಲುತ್ತ ಎದುರುಗೊಂಡವು.

ಕಾರ್ಖಾನೆಯಲ್ಲಿ ಅವನು ಸುರಕ್ಷತಾ ಅಧಿಕಾರಿ. ಮಾತೆತ್ತಿದರೆ ‘ಹುಷಾರಪ್ಪಾ!’ ಎಂದು ಎಚ್ಚರಿಸಿ ಎಚ್ಚರಿಸಿ ಕೊನೆಗೆ ಅದೇ ಅವನ ಹೆಸರಾಗಿತ್ತು. ನಾಲ್ಕು ಗಂಟೆಗೆ ಹೆಂಡತಿ ತವರಿನಿಂದ ಬರುವವಳಿದ್ದಳು. “ಇನ್ನೊಂದ್ಸಲ ನಲ್ಲಿ ಬಿಟ್ಟು ಮನೆ ಕೆರೆ ಮಾಡಿದ್ರೆ, ನಾನು ಅಮ್ಮನ ಮನೇಲೇ ಇದ್ಬಿಡ್ತೀನಿ” ಎಂದು ಹೇಳಿಯೇ ಹೋಗಿದ್ದಳು. ಹೇಳಿದಂತೆ ಮಾಡುವ ಹೆಂಗಸು ಅವಳು.

ಆದರೂ ಅವನು ನೀರಿಗೆ ಕಾಲಿಡಲಿಲ್ಲ. ಮೊದಲು ಮೇನ್ ಸ್ವಿಚ್! ಮೆಟ್ಟಿಲ ಕೆಳಗೆ ಮೂರು ಮನೆಗಳ ಮೂರು ಸ್ವಿಚ್ಚುಗಳಿದ್ದವು. ಬರೆದಿದ್ದ ನಂಬರು ಎಂದೋ ಅಳಿಸಿತ್ತು.

“ಎಡಗಡೆದು ನಿಮ್ದು ಕಣ್ರೀ, ಇಪ್ಪತ್ತು ವರ್ಷದಿಂದ ನೋಡ್ತಿದೀನಿ” ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು. ಅವನು ಎಡಗಡೆಯದನ್ನು ಆರಿಸಿದ. ಗಮ್‌ಬೂಟು, ಕೈಗವಸು, ಹೆಲ್ಮೆಟ್ ಏರಿಸಿ ಯುದ್ಧಕ್ಕೆ ಹೊರಟವನಂತೆ ಒಳಗೆ ಹೋಗಿ ನಲ್ಲಿ ಮುಚ್ಚಿದ. ಮೇಷ್ಟ್ರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

“ಒಂದ್ಸಲ ಲೈಟ್ ಹಾಕಿ ನೋಡ್ಬಾರ್ದಾ, ಕರೆಂಟ್ ಹೋಗಿದ್ಯೋ ಇಲ್ವೋ?”

“ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟೋದಾ? ಏನ್ ಮೇಷ್ಟ್ರೇ, ಇಷ್ಟೂ ಗೊತ್ತಿಲ್ವಾ!”

ವಾದ ಗೆದ್ದ ಹುಮ್ಮಸ್ಸಿನಲ್ಲಿ ಅವನು ಮೊರದಿಂದ ನೀರು ಬಾಚಿದ, ನೀರಲ್ಲಿ ಬಿದ್ದಿದ್ದ ವೈರುಗಳನ್ನು ಎತ್ತಿ ಸುತ್ತಿಟ್ಟ, ಫ್ರಿಜ್ಜನ್ನು ಅಪ್ಪಿಕೊಂಡು ಪಕ್ಕಕ್ಕೆ ಸರಿಸಿ ಒರೆಸಿದ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಹಸಿವು ಅಂದುಕೊಂಡ.

ಮಹಡಿ ಮನೆಯ ಅಜ್ಜಿ ಮೇಲಿಂದ ಕೂಗಿದರು. “ಕರೆಂಟಿಲ್ವೇನಪ್ಪಾ?”

“ನಮ್ಮನೇಲೂ ಇಲ್ಲ ಅಜ್ಜೀ!” ಎಂದು ಹೆಮ್ಮೆಯಿಂದ ಉತ್ತರಿಸಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ನೆಲ ಕನ್ನಡಿಯಾಗಿತ್ತು. ಮೇಷ್ಟ್ರನ್ನು ಸಾಗಹಾಕಿ ಬಾಗಿಲು ಹಾಕಿದ. ಉಳಿದಿದ್ದು ಒಂದೇ ಬಕೆಟ್ ಕೊಳಕು ನೀರು. ಅದನ್ನೆತ್ತಿಕೊಂಡು ಬಚ್ಚಲಿಗೆ ಹೊರಟ.

ಟ್ರಿಣ್ ಟ್ರಿಣ್! ಬಾಗಿಲ ಬೆಲ್ಲು ಬಡಿಯಿತು.

“ಬಂದೇ ಕಣೇ!” ಎಂದವನು ನಡುಮನೆಯಲ್ಲೇ ಕಂಬದಂತೆ ನಿಂತ. ಆ ಬೆಲ್ಲು ಕರೆಂಟಿಲ್ಲದೆ ಬಡಿಯುವುದಿಲ್ಲ! ವೈರುಗಳು ನೆನಪಾದವು. ಅಪ್ಪಿಕೊಂಡ ಫ್ರಿಜ್ಜೂ ಅದರ ಗುಂಯ್ ಸದ್ದೂ ನೆನಪಾದವು. ಬಕೆಟ್ ಕೈಜಾರಿತು.

ಹೆಂಡತಿ ತನ್ನ ಬೀಗದ ಕೈಯಿಂದ ಬಾಗಿಲು ತೆಗೆದಳು. ಕೊಳಕು ನೀರು ಹೊಸ್ತಿಲವರೆಗೆ ಹರಿದು ಅವಳ ಕಾಲು ತೊಳೆಯಿತು. ನೀರನ್ನು ನೋಡಿದಳು, ಗಂಡನನ್ನು ನೋಡಿದಳು, ಬ್ಯಾಗು ಕೆಳಗಿಡದೆ ಹಾಗೇ ಹಿಂದಿರುಗಿದಳು.

“ನಲ್ಲಿ ಅಲ್ಲ ಕಣೇ, ಬಕೆಟ್ಟು!” ಎಂದು ಅವನು ಅಳುದನಿಯಲ್ಲಿ ಓಡಿದ.

ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದರು. “ನೋಡಮ್ಮಾ, ಬೆಳಿಗ್ಗೆಯಿಂದ ಕರೆಂಟಿಲ್ಲ, ಫ್ರಿಜ್ಜಲ್ಲಿ ಕಟ್ಟಿದ್ದ ಐಸೆಲ್ಲ ಕರಗಿ ಮನೆ ತುಂಬಾ ನೀರು!”

ಮೇಷ್ಟ್ರು ತಮ್ಮ ಬಾಗಿಲಿಂದ ಇಣುಕಿ, ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಹೇಳಿದರು. “ಹಾಗಾದ್ರೆ ಎಡಗಡೆದು ಅಜ್ಜೀದು.”